ಗಡಿ ದಾಟಿದ ಮೇಲೂ ಓದಲು ಬರುವ ಕನ್ನಡ ಕಡತ: ಉಚಿತ, ಮುಕ್ತ ಮತ್ತು ಹಣ ಕೊಡುವ ತಂತ್ರಾಂಶಗಳು

ಸದಸ್ಯರಿಂದ ನಮಗೆ ಬರುವ ಕನ್ನಡ ಕಡತಗಳಲ್ಲಿ ಕೆಲವು ತೆರೆದ ಕೂಡಲೇ ಓದಲು ಬರುತ್ತವೆ, ಕೆಲವು ಬರುವುದಿಲ್ಲ. ಬಾರದ ಕಡತದಲ್ಲಿ ‘ಕನ್ನಡ’ ಎಂಬ ಪದ ಇರಬೇಕಾದ ಜಾಗದಲ್ಲಿ ಇಂಗ್ಲಿಷಿನ ‘ಪಿ’, ತಲೆಯ ಮೇಲೆ ಗೀಟು ಹೊತ್ತ ‘ಎ’, ಬ್ರಿಟಿಷ್ ಪೌಂಡಿನ ಗುರುತು ಎಂದು ಒಟ್ಟು ಏಳು ಚಿಹ್ನೆಗಳು ಸಾಲಾಗಿ ನಿಂತಿರುತ್ತವೆ. ಕಳುಹಿಸಿದವರ ತಪ್ಪೇನೂ ಇಲ್ಲ. ಗುಂಡ್ಲುಪೇಟೆಯ ಡಿಟಿಪಿ ಅಂಗಡಿಯ ಕಂಪ್ಯೂಟರಿನಲ್ಲಿ ಅದು ಅಚ್ಚುಕಟ್ಟಾದ ಕನ್ನಡವೇ ಆಗಿತ್ತು. ಮುತ್ತಂಗ ದಾಟಿ ಸುಲ್ತಾನ್ ಬತ್ತೇರಿಗೆ ಬರುವಷ್ಟರಲ್ಲಿ ಹಾಗಾಯಿತು. ಬಂಡೀಪುರದ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಬಿಡುವುದಿಲ್ಲ. ಇಮೇಲಿಗೆ ಅಂಥ ತಡೆಯಿಲ್ಲವಾದರೂ ಒಳಗಿನ ಅಕ್ಷರಗಳಿಗೆ ಮಾತ್ರ ಚೆಕ್‌ಪೋಸ್ಟು ಇದ್ದೇ ಇದೆ.

ಬೆಂಗಳೂರಿನಲ್ಲಿ ಇದು ಅರ್ಧ ಗಂಟೆಯ ಕಿರಿಕಿರಿ, ಪಕ್ಕದ ಅಂಗಡಿಯಲ್ಲಿ ಆ ಫಾಂಟ್ ಇದ್ದೇ ಇರುತ್ತದೆ. ವಯನಾಡಿನಲ್ಲಿ ಹಾಗಲ್ಲ. ಇಲ್ಲಿನ ಅಂಗಡಿಗಳು ಮಲಯಾಳಕ್ಕೆ ಸಜ್ಜಾಗಿರುತ್ತವೆ. ಆದರೆ ಇಲ್ಲಿ ಕನ್ನಡದ ಕಾಗದಪತ್ರಗಳಿಗೆ ಕೊರತೆಯಿಲ್ಲ. ವಯನಾಡಿನ ಶುಂಠಿ ಬೆಳೆಗಾರರು ಮೈಸೂರು, ಚಾಮರಾಜನಗರ, ಕೊಡಗು ಜಿಲ್ಲೆಗಳಲ್ಲಿ ಜಮೀನು ಗುತ್ತಿಗೆಗೆ ಹಿಡಿಯುತ್ತಾರೆ, ಅದರ ಕರಾರುಪತ್ರ ಸಾಮಾನ್ಯವಾಗಿ ಕನ್ನಡದಲ್ಲಿರುತ್ತದೆ. ಸಹಿ ಹಾಕುವ ಮುನ್ನ ಮನೆಯಲ್ಲಿ ಕುಳಿತು ಓದಬೇಕಾದ ಕಡತ ಅದು. ಎಷ್ಟು ಎಕರೆ, ಎಷ್ಟು ತಿಂಗಳು, ನೀರು ಯಾರದ್ದು ಎಂಬುದೆಲ್ಲ ಅದರಲ್ಲಿದೆ. ಇನ್ನೊಂದು, ಸರ್ಕಾರಕ್ಕೆ ಬರೆಯುವ ಅರ್ಜಿ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ರಾಜ್ಯದ ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ಸೆಕ್ರೆಟೇರಿಯಟ್ಟಿಗೂ ಇಲಾಖಾ ಮುಖ್ಯಸ್ಥರಿಗೂ ತಮ್ಮ ಭಾಷೆಯಲ್ಲೇ ಪತ್ರ ಬರೆಯಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ಆ ಹಕ್ಕನ್ನು ಬಳಸಿ ಕಳುಹಿಸಿದ ಅರ್ಜಿ ತಿರುವನಂತಪುರದಲ್ಲಿ ಪೌಂಡಿನ ಗುರುತುಗಳಾಗಿ ತೆರೆದುಕೊಂಡರೆ ಹಕ್ಕು ಇದ್ದೂ ಇಲ್ಲದಂತೆ.

ಆದ್ದರಿಂದ ಯಾವ ತಂತ್ರಾಂಶ ಒಳ್ಳೆಯದು ಎಂದು ಕೇಳುವ ಮೊದಲು, ಅಕ್ಷರ ಕಡತದೊಳಗೆ ಹೇಗೆ ಕುಳಿತಿದೆ ಎಂದು ಕೇಳಬೇಕು. ಅದು ಸರಿಯಿದ್ದರೆ ತಂತ್ರಾಂಶ ಯಾವುದಾದರೂ ನಡೆಯುತ್ತದೆ.

ಮುಖವಾಡದ ಕನ್ನಡ, ನಿಜದ ಕನ್ನಡ

ಕಂಪ್ಯೂಟರಿಗೆ ಕನ್ನಡ ಬಂದ ಹೊಸದರಲ್ಲಿ ಒಂದು ಫಾಂಟಿನಲ್ಲಿ ಇದ್ದದ್ದು 256 ಮನೆಗಳು ಮಾತ್ರ, ಅವೂ ಇಂಗ್ಲಿಷಿನವು. ಆಗಿನವರು ಜಾಣತನದಿಂದ ಆ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದರು. ‘ಪಿ’ ಇರುವಲ್ಲಿ ‘ಕ’ದ ಬುಡ, ಇನ್ನೊಂದರಲ್ಲಿ ತಲೆಕಟ್ಟು, ಮತ್ತೊಂದರಲ್ಲಿ ಒತ್ತು. ಕಡತದಲ್ಲಿ ಉಳಿಯುವುದು ಇಂಗ್ಲಿಷ್ ಸಂಕೇತವೇ, ಫಾಂಟು ಅದಕ್ಕೆ ಕನ್ನಡದ ಮುಖವಾಡ ತೊಡಿಸುತ್ತದೆ. ಫಾಂಟ್ ಇಲ್ಲದ ಕಡೆ ಮುಖವಾಡ ಕಳಚಿಬೀಳುತ್ತದೆ. ಇದನ್ನೇ ನಮ್ಮ ಕಡೆ ‘ಆಸ್ಕಿ ಫಾಂಟ್’ ಎನ್ನುವುದು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ಯ ಹಳೆಯ ಫಾಂಟ್‌ಗಳು, ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ‘ಬರಹ’ದ ಹಳೆಯ ಫಾಂಟ್‌ಗಳು, ಪುಣೆಯ ‘ಶ್ರೀಲಿಪಿ’, ಬೆಂಗಳೂರಿನ ‘ಆಕೃತಿ’, ಸಿಡ್ಯಾಕ್‌ನ ‘ಐಎಸ್‌ಎಂ’ ಎಲ್ಲವೂ ಈ ಕಾಲದವು. ಒಬ್ಬರ ಮನೆಯ ಲೆಕ್ಕ ಇನ್ನೊಬ್ಬರಿಗೆ ಹೊಂದುತ್ತಿರಲಿಲ್ಲ. ಶ್ರೀಲಿಪಿಯಲ್ಲಿ ಮಾಡಿದ್ದನ್ನು ನುಡಿಯ ಫಾಂಟಿಗೆ ಬದಲಿಸಿದರೆ ಗೊಂದಲವೇ ಗತಿ.

ಯುನಿಕೋಡ್ ಈ ಕಥೆಯನ್ನೇ ಬದಲಿಸಿತು. 1991ರ ಮೊದಲ ಆವೃತ್ತಿಯಿಂದಲೇ ಅದರಲ್ಲಿ ಕನ್ನಡಕ್ಕೆ ಸ್ವಂತ ಮನೆಗಳಿವೆ. ‘ಕನ್ನಡ’ ಎಂಬುದು ಅಲ್ಲಿ ಐದು ಸಂಕೇತ: ಕ, ನ, ಅರ್ಧಾಕ್ಷರದ ಗುರುತು, ನ, ಡ. ಒತ್ತಕ್ಷರವನ್ನು ಹೇಗೆ ಬರೆದು ತೋರಿಸಬೇಕು ಎಂಬುದು ಫಾಂಟಿನ ಕೆಲಸ. ಫಾಂಟ್ ಬದಲಾದರೆ ಅಂದ ಬದಲಾಗಬಹುದು, ಅಕ್ಷರ ಬದಲಾಗದು. ಹುಡುಕಬಹುದು, ಫೋನಿನಲ್ಲಿ ಓದಬಹುದು, ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಬಹುದು. (ಯುನಿಕೋಡಿನ ಪಟ್ಟಿಯಲ್ಲಿ ‘ಳ’ವನ್ನು ‘ಲ’ದ ಪಕ್ಕದಲ್ಲೇ ಕೂರಿಸಿದ್ದಾರೆ, ನಮ್ಮ ವರ್ಣಮಾಲೆಯಂತೆ ‘ಹ’ದ ನಂತರ ಅಲ್ಲ. ‘ಳ’ದಿಂದ ಶುರುವಾಗುವ ಹೆಸರಿನವರು ನಮ್ಮ ಸಂಘದಲ್ಲಂತೂ ಯಾರೂ ಇಲ್ಲ.) ಕರ್ನಾಟಕ ಸರ್ಕಾರವೂ ಯುನಿಕೋಡನ್ನು ಒಪ್ಪಿದೆ. ನುಡಿಯ ಈಚಿನ ಆವೃತ್ತಿಗಳಲ್ಲಿ, ಬರಹದಲ್ಲಿ ಯುನಿಕೋಡ್ ಆಯ್ಕೆ ಇದೆ. ಹಾಗಿದ್ದೂ ಅಂಗಡಿಗಳಲ್ಲಿ ಹಳೆಯ ಫಾಂಟೇ ಏಕೆ ಉಳಿಯಿತು ಎಂಬುದಕ್ಕೆ ಕಾರಣ ಪೇಜ್‌ಮೇಕರ್. ಅದರ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ, ಅದಕ್ಕೆ ಯುನಿಕೋಡ್ ತಿಳಿಯುವುದೇ ಇಲ್ಲ. ಮದುವೆ ಕಾಗದದಿಂದ ಸ್ಮರಣ ಸಂಚಿಕೆಯವರೆಗೆ ಎಲ್ಲವೂ ಅದರಲ್ಲೇ ನಡೆಯುತ್ತಿದ್ದ ಕಡೆ ಹಳೆಯ ಅಭ್ಯಾಸ ಕೈಬಿಡಲಿಲ್ಲ.

ನಿಮ್ಮ ಕಡತ ಯಾವ ಜಾತಿಯದು ಎಂದು ತಿಳಿಯಲು ಸುಲಭ ದಾರಿಯಿದೆ. ಒಂದು ಸಾಲನ್ನು ನಕಲು ಮಾಡಿ ವಾಟ್ಸಾಪಿನಲ್ಲಿ ನಿಮಗೇ ಕಳುಹಿಸಿಕೊಳ್ಳಿ. ಕನ್ನಡವಾಗಿಯೇ ಬಂದರೆ ಯುನಿಕೋಡ್.

ವರ್ಡ್, ರೈಟರ್, ಡಾಕ್ಸ್

‘ಉಚಿತ’ ಮತ್ತು ‘ಮುಕ್ತ’ ಎರಡೂ ಒಂದೇ ಅಲ್ಲ. ಗೂಗಲ್ ಡಾಕ್ಸ್‌ಗೆ ನಾವು ಹಣ ಕೊಡುವುದಿಲ್ಲ, ಆದರೆ ಅದರ ಯಂತ್ರ ನಮ್ಮ ಕೈಯಲ್ಲಿಲ್ಲ. ಲಿಬ್ರೆಆಫೀಸ್ ಉಚಿತವೂ ಹೌದು, ಮುಕ್ತವೂ ಹೌದು. ಅದನ್ನು ಎಷ್ಟು ಕಂಪ್ಯೂಟರಿಗೆ ಬೇಕಾದರೂ ಹಾಕಬಹುದು, ನಕಲು ಮಾಡಿ ನೆರೆಯವರಿಗೆ ಕೊಡಬಹುದು, ಅದರ ಮೂಲ ಸಂಕೇತವನ್ನೂ ತಿದ್ದಬಹುದು. ಓಪನ್‌ಆಫೀಸಿನಿಂದ 2010ರಲ್ಲಿ ಕವಲೊಡೆದು ಬಂದ ತಂತ್ರಾಂಶ ಇದು. ಇದರ ಮೆನುಗಳನ್ನು ಕನ್ನಡದಲ್ಲೂ ನೋಡಬಹುದು. ಅನುವಾದ ಕೆಲವೆಡೆ ಗಟ್ಟಿಯಾಗಿದೆ, ಅಗಿಯಲು ಹೊತ್ತು ಬೇಕು.

ವಯನಾಡಿನಲ್ಲಿ ಇದು ಹೊಸ ಹೆಸರಲ್ಲ. ಕೇರಳದ ಶಾಲೆಗಳು ಐಟಿ ಅಟ್ ಸ್ಕೂಲ್ ಯೋಜನೆಯ ಕಾಲದಿಂದ ಗ್ನೂ/ಲಿನಕ್ಸ್ ಬಳಸುತ್ತಿವೆ. ಆ ಯೋಜನೆಯೇ 2017ರಲ್ಲಿ ‘ಕೈಟ್’ ಆಯಿತು. 2 ಲಕ್ಷಕ್ಕೂ ಹೆಚ್ಚು ಶಾಲಾ ಕಂಪ್ಯೂಟರುಗಳಲ್ಲಿ ಮುಕ್ತ ತಂತ್ರಾಂಶ ಬಳಸಿದ್ದರಿಂದ 3,000 ಕೋಟಿ ರೂಪಾಯಿ ಉಳಿಯುತ್ತದೆ ಎಂದು 2019ರಲ್ಲಿ ಕೈಟ್ ಹೇಳಿತ್ತು. ಮಾನಂದವಾಡಿಯಲ್ಲೋ ಕಲ್ಪೆಟ್ಟದಲ್ಲೋ ಹೈಸ್ಕೂಲು ಓದುವ ಮಗುವಿಗೆ ಲಿಬ್ರೆಆಫೀಸ್ ರೈಟರ್ ಗೊತ್ತಿರುತ್ತದೆ. ಮನೆಯ ಹಿರಿಯರಿಗೆ ವರ್ಡ್ ಮಾತ್ರ ಗೊತ್ತು. ಗಡಿಯ ಆಚೆ ಓದುವ ಅಣ್ಣನ ಮಗನಿಗೆ ನುಡಿ ಗೊತ್ತು. ಒಂದೇ ಕುಟುಂಬದಲ್ಲಿ ಮೂರು ತಂತ್ರಾಂಶ. ಕಡತ ಯುನಿಕೋಡಾದರೆ ಮೂವರಿಗೂ ಓದಲು ಬರುತ್ತದೆ.

ರೈಟರಿನಲ್ಲಿ ಕನ್ನಡ ಶುರುಮಾಡುವವರು ಮೊದಲು ಒಂದು ಕೆಲಸ ಮಾಡಬೇಕು. ಟೂಲ್ಸ್, ಅದರೊಳಗೆ ಆಪ್ಷನ್ಸ್, ಅಲ್ಲಿ ಭಾಷೆಗಳ ವಿಭಾಗಕ್ಕೆ ಹೋಗಿ ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಎಂಬಲ್ಲಿ ಕನ್ನಡವನ್ನು ಆರಿಸಿ. ಒತ್ತು, ಗುಣಿತಗಳಿರುವ ನಮ್ಮ ಲಿಪಿಗಳನ್ನು ಅದು ಇಂಗ್ಲಿಷಿನಿಂದ ಬೇರೆಯಾಗಿ ನೋಡುತ್ತದೆ. ಆದ್ದರಿಂದ ಪ್ರತಿ ಶೈಲಿಗೂ ಎರಡು ಫಾಂಟು, ಎರಡು ಗಾತ್ರ ಇರುತ್ತವೆ. ಇಂಗ್ಲಿಷಿನ ಗಾತ್ರ 14 ಮಾಡಿ ಕನ್ನಡದ್ದನ್ನು ಹಾಗೇ ಬಿಟ್ಟರೆ ಕನ್ನಡ 12ರಲ್ಲೇ ಉಳಿಯುತ್ತದೆ. ‘ರೈಟರಿನಲ್ಲಿ ಕನ್ನಡ ದೊಡ್ಡದಾಗುವುದಿಲ್ಲ’ ಎಂಬ ದೂರಿಗೆ ಬಹುಪಾಲು ಕಾರಣ ಇದೇ. ವರ್ಡ್‌ನ ಫಾಂಟ್ ಕಿಟಕಿಯಲ್ಲೂ ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್’ ಎಂಬ ಪ್ರತ್ಯೇಕ ಜಾಗ ಇದೆ, ಆದರೆ ಅಲ್ಲಿ ತೊಂದರೆ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಕೋಷ್ಟಕ, ಅಡಿಟಿಪ್ಪಣಿ, ಹಲವರ ತಿದ್ದುಪಡಿಗಳನ್ನು ಜೊತೆಯಲ್ಲಿ ತೋರಿಸುವುದು, ಇವುಗಳಲ್ಲಿ ವರ್ಡ್ ಇನ್ನೂ ನಯವಾಗಿದೆ ಎಂದೇ ನಮ್ಮ ಅಭಿಪ್ರಾಯ. ಕಚೇರಿ ಹಣ ಕಟ್ಟಿದ್ದರೆ ಬಳಸಿ. ಲೇಖನ, ಅರ್ಜಿ, ಸಭೆಯ ನಡಾವಳಿ ಬರೆಯಲೆಂದೇ ಮನೆಗೆ ವರ್ಷವರ್ಷವೂ ಚಂದಾ ಕಟ್ಟಬೇಕಾದ ಅಗತ್ಯ ಕಾಣುವುದಿಲ್ಲ. ಕದ್ದ ಪ್ರತಿ ಹಾಕಿಸಿಕೊಳ್ಳುವುದಂತೂ ಬೇಡವೇ ಬೇಡ, ಅದರ ಜೊತೆ ಏನೇನು ಬರುತ್ತದೆ ಎಂದು ಹಾಕಿಕೊಟ್ಟವರಿಗೂ ಗೊತ್ತಿರುವುದಿಲ್ಲ.

ವರ್ಡ್‌ನ ಡಾಕ್ಸ್ ಮಾದರಿಯ ಕಡತ ರೈಟರಿನಲ್ಲಿ ತೆರೆಯುತ್ತದೆ, ರೈಟರಿನ ಒಡಿಟಿ ಕಡತ ವರ್ಡ್‌ನಲ್ಲೂ ತೆರೆಯುತ್ತದೆ. ಎರಡೂ ಅಂತರರಾಷ್ಟ್ರೀಯ ಶಿಷ್ಟತೆಗಳೇ, ಒಡಿಟಿ 2006ರಲ್ಲಿ, ಡಾಕ್ಸ್ 2008ರಲ್ಲಿ ಆದವು. ಅಕ್ಷರ ಕೆಡುವುದಿಲ್ಲ, ಪುಟ ಕೆಡಬಹುದು. ವಿಂಡೋಸಿನ ‘ತುಂಗಾ’ ಅಥವಾ ‘ನಿರ್ಮಲಾ’ ಫಾಂಟು ಲಿನಕ್ಸಿನಲ್ಲಿ ಇರುವುದಿಲ್ಲ, ಬದಲಿಗೆ ‘ಲೋಹಿತ್’ ಅಥವಾ ‘ನೋಟೊ’ ಬಂದು ಕೂರುತ್ತದೆ, ಸಾಲಿನ ಉದ್ದ ಬದಲಾಗುತ್ತದೆ. ಲೇಖನಕ್ಕೆ ಇದರಿಂದ ಏನೂ ಆಗದು. ಛಾಪಾ ಕಾಗದದಲ್ಲಿ ಮೇಲೆ ಜಾಗ ಬಿಟ್ಟು ಮುದ್ರಿಸಬೇಕಾದ ಗುತ್ತಿಗೆ ಕರಾರಿನಲ್ಲಿ ಸಾಕ್ಷಿಗಳ ಸಹಿ ಮುಂದಿನ ಪುಟಕ್ಕೆ ಜಾರಿದರೆ ಆಗುತ್ತದೆ. ಅಂಥದ್ದಕ್ಕೆ ಮೊದಲಿನಿಂದಲೇ ನೋಟೊ ಸೆರಿಫ್ ಕನ್ನಡದಂಥ ಮುಕ್ತ ಫಾಂಟನ್ನು ಎರಡೂ ಕಡೆ ಹಾಕಿಕೊಳ್ಳಿ, ಕೊನೆಯ ಪ್ರತಿಯನ್ನು ಪಿಡಿಎಫ್ ಮಾಡಿಯೂ ಕಳುಹಿಸಿ. ಅರವಿಂದ ವಿ.ಕೆ. ಅವರ ‘ಗುಬ್ಬಿ’, ‘ನವಿಲು’ ಫಾಂಟ್‌ಗಳೂ ಮುಕ್ತವಾಗಿ ಸಿಗುತ್ತವೆ. ಮುದ್ದಾಗಿವೆ, ಆಹ್ವಾನ ಪತ್ರಿಕೆಗೆ ಒಪ್ಪುತ್ತವೆ.

ಗೂಗಲ್ ಡಾಕ್ಸ್‌ನ ಬಲ ಎರಡು. ಕುಟ್ಟ, ಬತ್ತೇರಿ, ಗೂಡಲೂರಿನ ಮೂವರು ಒಂದೇ ಕಡತವನ್ನು ಒಂದೇ ಹೊತ್ತಿಗೆ ತಿದ್ದಬಹುದು. ಟೈಪ್ ಬಾರದವರು ಕನ್ನಡದಲ್ಲಿ ಮಾತಾಡಿದರೆ ಅದು ಬರೆದುಕೊಳ್ಳುತ್ತದೆ. ಮಾತಿಗೆ ಇಂಟರ್ನೆಟ್ ಬೇಕು, ತಿರುನೆಲ್ಲಿಯ ಕಾಡಿನ ದಾರಿಯಲ್ಲಿ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಹಣಕಾಸಿನ ಕರಾರು, ಆಧಾರ್ ಸಂಖ್ಯೆ ಇರುವ ಅರ್ಜಿಗಳನ್ನು ಅಲ್ಲಿ ಇಡದಿರುವುದು ಲೇಸು.

ಬೆರಳಿನ ಅಭ್ಯಾಸ

ತಂತ್ರಾಂಶ ಬದಲಿಸಲು ಹಿಂಜರಿಯುವವರಿಗೆ ನಿಜವಾದ ಭಯ ಕೀಲಿಮಣೆಯದು. ನುಡಿಯ ಕೀಲಿಮಣೆ ಮೂಲತಃ ಮಂಗಳೂರಿನ ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾವ್ ಅವರ ವಿನ್ಯಾಸ. ‘ಕೆ’ ಒತ್ತಿದರೆ ‘ಕ’, ಶಿಫ್ಟಿನ ಜೊತೆ ‘ಖ’, ‘ಎಫ್’ ಒತ್ತಿದರೆ ಒತ್ತಕ್ಷರ ಕೂಡುತ್ತದೆ. ಲಿನಕ್ಸಿನಲ್ಲಿ ಇದೇ ವಿನ್ಯಾಸ ‘ಕಗಪ’ ಎಂಬ ಹೆಸರಿನಲ್ಲಿ ಸಿದ್ಧವಾಗಿದೆ, ಬೇರೇನೂ ಕೊಳ್ಳಬೇಕಿಲ್ಲ. ಇಂಗ್ಲಿಷಿನಲ್ಲಿ ಉಚ್ಚರಿಸಿದಂತೆ ಒತ್ತುವ ಬರಹದ ಅಭ್ಯಾಸದವರಿಗೆ ಆ ಬಗೆಯ ಲಿಪ್ಯಂತರ ಕೀಲಿಮಣೆಗಳೂ ಇವೆ. ವಿಂಡೋಸ್ 10ರಲ್ಲಿ 2019ರ ಮೇ ತಿಂಗಳ ಆವೃತ್ತಿಯಿಂದ ಕನ್ನಡದ ಧ್ವನ್ಯಾತ್ಮಕ ಕೀಲಿಮಣೆ ಒಳಗೇ ಬರುತ್ತದೆ. ಬರಹ ಮೊದಲು ಉಚಿತವಿತ್ತು, ನಂತರದ ಆವೃತ್ತಿಗಳಿಗೆ ಹಣ ಕೊಡಬೇಕು. ಅದೇ ರೂಢಿಯಾಗಿದ್ದರೆ ಕೊಟ್ಟ ಹಣಕ್ಕೆ ಮೋಸವಿಲ್ಲ. ಕರ್ನಾಟಕದಲ್ಲಿ ಸರ್ಕಾರಿ ಕೆಲಸಕ್ಕೆ ಪ್ರಯತ್ನಿಸುವ ಮಕ್ಕಳು ಮಾತ್ರ ನುಡಿಯನ್ನೇ ಕಲಿಯಲಿ, ಅಲ್ಲಿನ ಕಚೇರಿಗಳಲ್ಲಿ ಅದರ ಬಳಕೆ ಹೆಚ್ಚು.

‘ರ‍್ಯಾಂಕ್’, ‘ರಾಜ್‌ಕುಮಾರ್’ ಮುಂತಾದವುಗಳಲ್ಲಿ ಅಕ್ಷರ ಕೂಡದಂತೆ ಅಥವಾ ಬೇರೆ ರೀತಿ ಕೂಡುವಂತೆ ತಡೆಯುವ ಕಣ್ಣಿಗೆ ಕಾಣದ ಸಂಕೇತಗಳಿವೆ. ಕಡತದಲ್ಲಿ ಹೆಸರು ಇದ್ದೂ ಹುಡುಕಿದಾಗ ಸಿಗದಿದ್ದರೆ ಇವುಗಳ ಮೇಲೆ ಅನುಮಾನ ಪಡಿ.

ಹಳೆಯ ಕಡತಗಳು

ಮುಖ್ಯವಾದ ಕೆಲಸ ಉಳಿದಿರುವುದು ಇಲ್ಲಿ. ಹಳೆಯ ಸ್ಮರಣ ಸಂಚಿಕೆ, ಸದಸ್ಯರ ಪಟ್ಟಿ, ಹಿರಿಯರು ಬರೆಸಿಟ್ಟ ವಂಶಾವಳಿ, ಬಸದಿ–ದೇವಸ್ಥಾನಗಳ ವಿವರ ಎಲ್ಲ ಆಸ್ಕಿ ಫಾಂಟಿನ ಕಡತಗಳಲ್ಲಿವೆ. ಆ ಫಾಂಟ್ ಇರುವ ಕಂಪ್ಯೂಟರು ಗುಜರಿಗೆ ಹೋದ ದಿನ ಅವೂ ಹೋದಂತೆಯೇ. ಪರಿವರ್ತಿಸಲು ದಾರಿಗಳಿವೆ. ನುಡಿ ಮತ್ತು ಬರಹದಲ್ಲಿ ಅದಕ್ಕೆಂದೇ ಸಾಧನವಿದೆ, ಅರವಿಂದ ಅವರ ಆಸ್ಕಿಯಿಂದ ಯುನಿಕೋಡಿಗೆ ಬದಲಿಸುವ ಪರಿವರ್ತಕ ಉಚಿತ. ಪೇಜ್‌ಮೇಕರ್ ಕಡತವಾದರೆ ಮೊದಲು ಪಠ್ಯವನ್ನು ಹೊರತೆಗೆಯಬೇಕು.

ಪರಿವರ್ತನೆಯ ನಂತರ ಓದದೆ ಬಿಡಬೇಡಿ. ಅರ್ಕಾವೊತ್ತು ಪಕ್ಕದ ಅಕ್ಷರಕ್ಕೆ ಹಾರಿರುತ್ತದೆ. ನಡುವೆ ಇದ್ದ ಇಂಗ್ಲಿಷ್ ಪದಗಳೂ ‘ಕನ್ನಡ’ವಾಗಿ ಅರ್ಥವಿಲ್ಲದ ಅಕ್ಷರಗಳಾಗಿರುತ್ತವೆ, ಏಕೆಂದರೆ ಆಸ್ಕಿ ಕಡತದಲ್ಲಿ ಎರಡಕ್ಕೂ ಒಂದೇ ಸಂಕೇತ. ಕರಾರು, ಪಹಣಿ ವಿವರಗಳಲ್ಲಿ ಸರ್ವೆ ನಂಬರು, ವಿಸ್ತೀರ್ಣ, ಮೊತ್ತಗಳನ್ನು ಹಳೆಯ ಮುದ್ರಿತ ಪ್ರತಿಯೊಂದಿಗೆ ಒಂದೊಂದಾಗಿ ತಾಳೆ ನೋಡಿ. ಮೂಲ ಕಡತವನ್ನು ಅಳಿಸಬೇಡಿ.

ಪುಟ ವಿನ್ಯಾಸಕ್ಕೆ ಪೇಜ್‌ಮೇಕರ್ ಬಿಟ್ಟರೆ ಗತಿಯಿಲ್ಲ ಎನ್ನುವವರಿಗೆ ಕೇರಳದ್ದೇ ಉದಾಹರಣೆ: ಮಲಯಾಳದ ‘ಜನಯುಗಂ’ ದಿನಪತ್ರಿಕೆ 2019ರಲ್ಲಿ ತನ್ನ ಪುಟಗಳನ್ನು ಸ್ಕ್ರೈಬಸ್ ಎಂಬ ಮುಕ್ತ ತಂತ್ರಾಂಶಕ್ಕೆ ಬದಲಿಸಿತು. ಸ್ಕ್ರೈಬಸ್ 1.6ರಲ್ಲಿ ಕನ್ನಡದ ಒತ್ತಕ್ಷರಗಳೂ ಸರಿಯಾಗಿ ಕೂರುತ್ತವೆ. ಹಣ ಕೊಡಲು ಸಿದ್ಧವಿರುವ ಮುದ್ರಣಾಲಯಕ್ಕೆ ಇನ್‌ಡಿಸೈನ್ ಇದೆ.

ಈ ವಾರ್ತಾಪತ್ರಕ್ಕೆ ಲೇಖನ, ಕಾರ್ಯಕ್ರಮದ ವಿವರ ಕಳುಹಿಸುವವರು ಯುನಿಕೋಡಿನ ಒಡಿಟಿ ಅಥವಾ ಡಾಕ್ಸ್ ಕಡತ ಕಳುಹಿಸಿ. ಫೋನಿನಲ್ಲಿ ಟೈಪಿಸಿದ ಸಂದೇಶವೂ ನಡೆಯುತ್ತದೆ. ಆಸ್ಕಿ ಫಾಂಟಿನ ಕಡತವಾದರೆ ಯಾವ ಫಾಂಟು ಎಂದು ಒಂದು ಸಾಲು ಬರೆದು, ಜೊತೆಗೆ ಪಿಡಿಎಫ್ ಇಡಿ, ಪರಿವರ್ತನೆ ನಾವು ಮಾಡಿಕೊಳ್ಳುತ್ತೇವೆ. ಪುಟದ ಫೋಟೋ ತೆಗೆದು ಕಳುಹಿಸಿದರೆ ಮಾತ್ರ ಮತ್ತೆ ಕೂತು ಟೈಪ್ ಮಾಡಬೇಕಾಗುತ್ತದೆ, ಅದು ಮುಂದಿನ ಸಂಚಿಕೆಗೆ ಹೋಗುತ್ತದೆ.