ಹಕ್ಕಿಜ್ವರದ ರೋಗಿ ಎಷ್ಟನೇ ದಿನ ಆಸ್ಪತ್ರೆಗೆ ಬಂದ? ಹಾಂಕಾಂಗ್‌ನಿಂದ ನಮ್ಮ ದೇಶದವರೆಗಿನ ಕಥೆ

ಎಲ್ಲಾದರೂ ಕೋಳಿ ಸತ್ತ ಸುದ್ದಿ ಬಂದರೆ ಸಾಕು, ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಬರುವ ಮೊದಲ ಪ್ರಶ್ನೆ ಒಂದೇ: "ಚಿಕನ್ ತಿನ್ನಬಹುದಾ, ಬೇಡವಾ?" ಒಂದು ವಾರ ಕೋಳಿ ಅಂಗಡಿ ಖಾಲಿ ಹೊಡೆಯುತ್ತದೆ. ರೇಟು ಬೀಳುತ್ತದೆ. ಆಮೇಲೆ ಎಲ್ಲರೂ ಮರೆತುಬಿಡುತ್ತಾರೆ.

ಈ ರೋಗ ಮನುಷ್ಯರಿಗೆ ಬಂದಾಗ ಆಸ್ಪತ್ರೆಯ ಹಾಸಿಗೆಯಲ್ಲಿ ಏನಾಯಿತು? ಯಾರು ಉಳಿದರು, ಯಾರು ಉಳಿಯಲಿಲ್ಲ? ಇದನ್ನು ಕೇಳುವವರು ಕಡಿಮೆ. 1997ರಿಂದ ವೈದ್ಯರು ಬರೆದಿಟ್ಟ ದಾಖಲೆಗಳಲ್ಲಿ ಇದಕ್ಕೆ ಉತ್ತರ ಇದೆ. ಹಿತ್ತಲಲ್ಲಿ ನಾಲ್ಕು ನಾಟಿ ಕೋಳಿ ಸಾಕುವ ಮನೆಯವರೆಲ್ಲ ತಿಳಿದಿರಬೇಕಾದ ಉತ್ತರ ಅದು.

ಹಾಂಕಾಂಗ್, 1997

1997ರ ಮಾರ್ಚ್‌ನಲ್ಲಿ ಹಾಂಕಾಂಗ್‌ನ ಹಳ್ಳಿ ಭಾಗದ ಮೂರು ಫಾರಂಗಳಲ್ಲಿ ಸಾವಿರಾರು ಕೋಳಿಗಳು ಸತ್ತವು. ಇದು ಕೋಳಿಗೆ ಬರುವ ರೋಗ, ಮನುಷ್ಯರಿಗೆ ಬರುವುದಿಲ್ಲ ಎಂದೇ ಆಗ ಎಲ್ಲರೂ ತಿಳಿದಿದ್ದರು.

ಮೇ ತಿಂಗಳಲ್ಲಿ ಅಲ್ಲಿನ ಮೂರು ವರ್ಷದ ಗಂಡುಮಗುವಿಗೆ ಜ್ವರ, ಕೆಮ್ಮು ಬಂತು. ಆಸ್ಪತ್ರೆಗೆ ಸೇರಿಸಿದರು. ಉಸಿರಾಟದ ಯಂತ್ರಕ್ಕೆ ಹಾಕಿದರೂ ಮಗು ಉಳಿಯಲಿಲ್ಲ. ಮೇ 21ರಂದು ತೀರಿಕೊಂಡಿತು. ಗಂಟಲಿನಿಂದ ತೆಗೆದ ಮಾದರಿಯಲ್ಲಿ ಫ್ಲೂ ವೈರಸ್ ಸಿಕ್ಕಿತು. ಆದರೆ ಅದು ಯಾವ ಜಾತಿಯದೆಂದು ಅಲ್ಲಿನ ಪ್ರಯೋಗಾಲಯಕ್ಕೆ ಗೊತ್ತಾಗಲಿಲ್ಲ. ಮಾದರಿಯನ್ನು ಹೊರದೇಶದ ದೊಡ್ಡ ಪ್ರಯೋಗಾಲಯಗಳಿಗೆ ಕಳಿಸಿದರು. ಆಗಸ್ಟ್‌ನಲ್ಲಿ ಉತ್ತರ ಬಂತು: ಎಚ್5ಎನ್1, ಕೋಳಿಗಳನ್ನು ಕೊಂದ ಅದೇ ಜಾತಿ.

ನವೆಂಬರ್, ಡಿಸೆಂಬರ್‌ನಲ್ಲಿ ಇನ್ನೂ 17 ಜನ ಕಾಯಿಲೆ ಬಿದ್ದರು. ಒಟ್ಟು 18 ರೋಗಿಗಳು, 6 ಸಾವು.

ಇವರಿಗೆ ರೋಗ ಎಲ್ಲಿಂದ ಬಂತು ಎಂದು ಹುಡುಕಿದಾಗ ಒಂದು ವಿಷಯ ಸ್ಪಷ್ಟವಾಯಿತು. ಕಾಯಿಲೆ ಬೀಳುವ ಹಿಂದಿನ ವಾರ ಜೀವಂತ ಕೋಳಿ ಮಾರುವ ಅಂಗಡಿಗೋ ಮಾರುಕಟ್ಟೆಗೋ ಹೋಗಿ ಬಂದವರು ರೋಗಿಗಳಲ್ಲಿ ಹೆಚ್ಚಿದ್ದರು. ಕೋಳಿ ಮಾಂಸ ತಿಂದದ್ದಕ್ಕೂ ರೋಗಕ್ಕೂ ಸಂಬಂಧ ಕಾಣಲಿಲ್ಲ.

ಡಿಸೆಂಬರ್ 29ರಂದು ಹಾಂಕಾಂಗ್ ಸರ್ಕಾರ ಊರಿನ ಎಲ್ಲ ಕೋಳಿಗಳನ್ನೂ ಕೊಲ್ಲಲು ಶುರು ಮಾಡಿತು. ಕೆಲವೇ ದಿನದಲ್ಲಿ 13 ಲಕ್ಷಕ್ಕೂ ಹೆಚ್ಚು ಹಕ್ಕಿಗಳು ಹೋದವು. ಆಗ ಅಲ್ಲಿನ ಆರೋಗ್ಯ ನಿರ್ದೇಶಕಿಯಾಗಿದ್ದವರು ಮಾರ್ಗರೆಟ್ ಚಾನ್. ಮುಂದೆ ಅವರು ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕಿಯಾದರು. ಕೋಳಿಗಳನ್ನು ತೆಗೆದ ಮೇಲೆ ಆ ಸಲದ ರೋಗ ಅಲ್ಲಿಗೇ ನಿಂತಿತು.

ಹನ್ನೆರಡು ರೋಗಿಗಳು ಕಲಿಸಿದ್ದು

ಆ 18 ಜನರಲ್ಲಿ 12 ಜನರ ವಿವರಗಳನ್ನು ಹಾಂಕಾಂಗ್ ವೈದ್ಯರು 1998ರಲ್ಲಿ ಪ್ರಕಟಿಸಿದರು. 13 ವರ್ಷ ಮೇಲ್ಪಟ್ಟ ಏಳೂ ಜನರಿಗೆ ಕಾಯಿಲೆ ಜೋರಾಗಿತ್ತು. ಅವರಲ್ಲಿ ನಾಲ್ವರು ಸತ್ತರು. ಚಿಕ್ಕ ಮಕ್ಕಳಲ್ಲಿ ಹೆಚ್ಚಿನವರಿಗೆ ಸಾಮಾನ್ಯ ಜ್ವರದಂತೆ ಬಂದು ಹೋಯಿತು. ಒಂದು ಮಗು ಮಾತ್ರ ತೀರಿಕೊಂಡಿತು. ಆ ಮಗುವಿಗೆ ಜ್ವರಕ್ಕೆ ಆಸ್ಪಿರಿನ್ ಕೊಟ್ಟಿದ್ದರು. ಫ್ಲೂ ಇರುವ ಮಕ್ಕಳಿಗೆ ಆಸ್ಪಿರಿನ್ ಕೊಟ್ಟರೆ ಮೆದುಳು ಮತ್ತು ಲಿವರ್ ಕೆಡುವ ಅಪಾಯ ಇದೆ. ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ಅರ್ಧ ಮಾಡಿ ಮಕ್ಕಳಿಗೆ ಕೊಡುವ ಅಭ್ಯಾಸ ಇರುವವರು ಇದನ್ನು ನೆನಪಿಡಿ.

ಕಾಯಿಲೆ ಜೋರಾದವರಲ್ಲಿ ವೈದ್ಯರು ಗುರುತಿಸಿದ ಅಂಶಗಳು ನಾಲ್ಕು. ವಯಸ್ಸು ಹೆಚ್ಚಿರುವುದು, ಸೋಂಕು ಶ್ವಾಸಕೋಶದವರೆಗೆ ಇಳಿದಿರುವುದು, ರಕ್ತದಲ್ಲಿ ಬಿಳಿ ಕಣಗಳು ಕಡಿಮೆಯಾಗಿರುವುದು, ಮತ್ತು ಆಸ್ಪತ್ರೆಗೆ ತಡವಾಗಿ ಬಂದಿರುವುದು.

ಈ ನಾಲ್ಕರಲ್ಲಿ ವಯಸ್ಸು ನಮ್ಮ ಕೈಯಲ್ಲಿಲ್ಲ. ರಕ್ತಕಣವೂ ನಮ್ಮ ಕೈಯಲ್ಲಿಲ್ಲ. ಆಸ್ಪತ್ರೆಗೆ ಯಾವಾಗ ಹೋಗಬೇಕು ಎಂಬುದೊಂದು ನಮ್ಮ ಕೈಯಲ್ಲಿದೆ.

ವಿಯೆಟ್ನಾಂ, 2004

ಆರು ವರ್ಷದ ನಂತರ ಈ ವೈರಸ್ ಮತ್ತೆ ಬಂತು. ಈ ಸಲ ಇನ್ನೂ ಕೆಟ್ಟದಾಗಿತ್ತು. 2003ರ ಕೊನೆ ಮತ್ತು 2004ರ ಜನವರಿಯಲ್ಲಿ ವಿಯೆಟ್ನಾಂನ ಆಸ್ಪತ್ರೆಗಳಿಗೆ ಬಂದ ಮೊದಲ 10 ರೋಗಿಗಳಲ್ಲಿ 8 ಜನ ಸತ್ತರು. ಹೆಚ್ಚಿನವರು ಮಕ್ಕಳು, ಹರೆಯದವರು. ಒಬ್ಬರಿಗೂ ಮುಂಚೆ ಬೇರೆ ಕಾಯಿಲೆ ಇರಲಿಲ್ಲ. ಹತ್ತರಲ್ಲಿ ಒಂಬತ್ತು ಜನ ಕೋಳಿ, ಬಾತುಗಳ ಜೊತೆ ನೇರ ಸಂಪರ್ಕದಲ್ಲಿದ್ದವರು.

ಎಲ್ಲರಿಗೂ ಜೋರು ಜ್ವರ, ಉಸಿರಾಟದ ತೊಂದರೆ ಇತ್ತು. ಎಲ್ಲರ ಎಕ್ಸ್‌ರೇಯಲ್ಲೂ ಶ್ವಾಸಕೋಶ ಕೆಟ್ಟಿತ್ತು. ಏಳು ಜನರಿಗೆ ಭೇದಿಯೂ ಇತ್ತು.

ಭೇದಿ ವೈದ್ಯರ ದಾರಿ ತಪ್ಪಿಸಬಲ್ಲದು ಎಂಬುದಕ್ಕೆ ಅದೇ ವರ್ಷ ಅಲ್ಲಿ ಒಂದು ಉದಾಹರಣೆ ಸಿಕ್ಕಿತು. ನಾಲ್ಕು ವರ್ಷದ ಹುಡುಗನನ್ನು ಜ್ವರ, ಭೇದಿ ಎಂದು ಆಸ್ಪತ್ರೆಗೆ ಕರೆತಂದರು. ಎರಡು ವಾರದ ಹಿಂದಷ್ಟೇ ಅವನ ಅಕ್ಕ ತೀರಿಕೊಂಡಿದ್ದಳು. ಹುಡುಗನಿಗೆ ಫಿಟ್ಸ್ ಬಂತು, ಪ್ರಜ್ಞೆ ತಪ್ಪಿತು, ಪ್ರಾಣ ಹೋಯಿತು. ಎಲ್ಲರೂ ಮೆದುಳು ಜ್ವರ ಎಂದುಕೊಂಡಿದ್ದರು. ಇಟ್ಟಿದ್ದ ಮಾದರಿಗಳನ್ನು ಆಮೇಲೆ ಪರೀಕ್ಷೆ ಮಾಡಿದಾಗ ಮೆದುಳು ಬಳ್ಳಿಯ ನೀರಿನಲ್ಲೂ ಎಚ್5ಎನ್1 ಸಿಕ್ಕಿತು. ಹಕ್ಕಿಜ್ವರ ಅಂದರೆ ಕೆಮ್ಮು, ದಮ್ಮು ಮಾತ್ರ ಎಂದುಕೊಂಡಿದ್ದ ವೈದ್ಯರು ಅಂದಿನಿಂದ ಎಚ್ಚರವಾದರು.

ಇಷ್ಟು ಜೋರಾಗಲು ಕಾರಣವೇನು? ನಮಗೆ ಪ್ರತಿವರ್ಷ ಬರುವ ಫ್ಲೂ ಮೂಗು, ಗಂಟಲಿಗೆ ಅಂಟುತ್ತದೆ. ಹಕ್ಕಿಯ ವೈರಸ್ ಅಂಟಿಕೊಳ್ಳುವ ಜಾಗ ಮನುಷ್ಯರಲ್ಲಿ ಹೆಚ್ಚಾಗಿ ಇರುವುದು ಶ್ವಾಸಕೋಶದ ಆಳದಲ್ಲಿ. ಅಲ್ಲಿಗೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಒಬ್ಬರಿಂದ ಒಬ್ಬರಿಗೆ ಇದು ಸುಲಭವಾಗಿ ಹರಡದಿರಲು ಇದೂ ಒಂದು ಕಾರಣ. ಇನ್ನೊಂದು ವಿಷಯ ವಿಯೆಟ್ನಾಂ ವೈದ್ಯರು 2006ರಲ್ಲಿ ತೋರಿಸಿದ್ದು. ಸತ್ತ ರೋಗಿಗಳ ಗಂಟಲಲ್ಲಿ ವೈರಸ್ ಪ್ರಮಾಣ ಬಹಳ ಹೆಚ್ಚಿತ್ತು. ಅದರ ವಿರುದ್ಧ ಹೋರಾಡಲು ಹೋದ ದೇಹದ ರಕ್ಷಣಾ ಶಕ್ತಿ ಮಿತಿ ಮೀರಿ, ಸ್ವಂತ ಅಂಗಗಳಿಗೇ ಪೆಟ್ಟು ಕೊಡುತ್ತಿತ್ತು. ಆ ಹಂತಕ್ಕೆ ಹೋಗುವ ಮೊದಲೇ ವೈರಸ್ಸನ್ನು ತಡೆಯಬೇಕು ಎಂಬುದು ಅವರ ಸಲಹೆ.

ಇಂಡೋನೇಷ್ಯಾದ ಆರು ದಿನ

ತಡವಾಗುವುದರ ಬೆಲೆ ಎಷ್ಟೆಂದು ಲೆಕ್ಕದಲ್ಲಿ ತೋರಿಸಿದ್ದು ಇಂಡೋನೇಷ್ಯಾ. 2005ರ ಜೂನ್‌ನಿಂದ 2008ರ ಫೆಬ್ರವರಿವರೆಗೆ ಅಲ್ಲಿ 127 ಜನರಿಗೆ ರೋಗ ಖಚಿತವಾಯಿತು. 103 ಜನ ಸತ್ತರು. ನೂರಕ್ಕೆ 81.

ಜ್ವರ ಶುರುವಾದ ಮೇಲೆ ಇವರು ಆಸ್ಪತ್ರೆಗೆ ದಾಖಲಾಗಲು ಸಾಮಾನ್ಯವಾಗಿ ಹಿಡಿದ ಸಮಯ ಆರು ದಿನ. ತಡ ಮಾಡಿದರು ಎಂದು ಅವರನ್ನು ಬೈಯುವಂತಿಲ್ಲ. ಮೊದಲ ಎರಡು ದಿನ ಹೆಚ್ಚಿನವರಿಗೆ ಇದ್ದದ್ದು ಯಾವ ಜ್ವರದಲ್ಲೂ ಇರುವಂಥ ಲಕ್ಷಣ. ಜ್ವರ ಮತ್ತು ಕೆಮ್ಮು ಎರಡೂ ಇದ್ದವರು 31 ಜನ ಮಾತ್ರ. ಜ್ವರದ ಜೊತೆ ಉಸಿರಾಟದ ಕಷ್ಟ ಇದ್ದವರು ಬರೀ 9 ಜನ. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಬಹುತೇಕ ಎಲ್ಲರಿಗೂ ಉಸಿರು ಕಟ್ಟುತ್ತಿತ್ತು. ನಮ್ಮ ಹಳ್ಳಿಯಲ್ಲಾದರೂ ಎರಡು ದಿನದ ಜ್ವರಕ್ಕೆ ಯಾರು ತಾಲ್ಲೂಕು ಆಸ್ಪತ್ರೆಗೆ ಹೋಗುತ್ತಾರೆ ಹೇಳಿ?

ಈ ರೋಗಕ್ಕೆ ಔಷಧಿ ಇದೆ. ಒಸೆಲ್ಟಾಮಿವಿರ್ ಎಂಬ ಮಾತ್ರೆ. ಎಚ್1ಎನ್1 ಬಂದಾಗ ಟ್ಯಾಮಿಫ್ಲೂ ಹೆಸರು ಕೇಳಿದ್ದೀರಲ್ಲ, ಅದೇ. ಇಂಡೋನೇಷ್ಯಾದಲ್ಲಿ ಎರಡು ದಿನದೊಳಗೆ ಮಾತ್ರೆ ಶುರು ಮಾಡಿದವರಲ್ಲಿ ಸಾವು ಕಡಿಮೆ ಇತ್ತು. ಐದಾರು ದಿನದ ನಂತರ ಶುರು ಮಾಡಿದವರಲ್ಲಿ ಹೆಚ್ಚಿತ್ತು. ಹನ್ನೆರಡು ದೇಶಗಳ 308 ರೋಗಿಗಳ ವಿವರ ಸೇರಿಸಿ 2010ರಲ್ಲಿ ಪ್ರಕಟವಾದ ಲೆಕ್ಕವೂ ಇದನ್ನೇ ಹೇಳಿತು. ಈ ಔಷಧಿ ಪಡೆದವರಲ್ಲಿ ನೂರಕ್ಕೆ 60 ಜನ ಉಳಿದರು. ಯಾವ ಫ್ಲೂ ಔಷಧಿಯೂ ಸಿಗದವರಲ್ಲಿ ನೂರಕ್ಕೆ 24 ಜನ ಮಾತ್ರ ಉಳಿದರು. ಆರರಿಂದ ಎಂಟು ದಿನ ಕಳೆದ ಮೇಲೆ ಶುರು ಮಾಡಿದರೂ ಸ್ವಲ್ಪ ಅನುಕೂಲ ಕಂಡಿತ್ತು. ಹಾಗಾಗಿ ತಡವಾಯಿತು ಎಂದು ಕೈಬಿಡುವ ರೋಗವೂ ಇದಲ್ಲ.

ನೂರಕ್ಕೆ ಐವತ್ತು ಸಾವು ನಿಜವೇ?

2003ರಿಂದ ಈಚೆಗೆ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕಕ್ಕೆ ಬಂದ ಎಚ್5ಎನ್1 ರೋಗಿಗಳು 900ಕ್ಕೂ ಹೆಚ್ಚು. ಅವರಲ್ಲಿ ಹತ್ತಿರಹತ್ತಿರ ಅರ್ಧ ಜನ ಸತ್ತಿದ್ದಾರೆ. ಟಿವಿಯಲ್ಲಿ "ನೂರಕ್ಕೆ ಐವತ್ತು" ಎಂದು ಕೆಂಪು ಅಕ್ಷರದಲ್ಲಿ ಬರುವುದು ಇದೇ ಲೆಕ್ಕ.

ಲೆಕ್ಕ ಸುಳ್ಳಲ್ಲ. ಆದರೆ ಇದರಲ್ಲಿ ಹೆಚ್ಚಿನವರು ಕಾಯಿಲೆ ಜೋರಾಗಿ ಆಸ್ಪತ್ರೆಗೆ ಬಂದು, ಪರೀಕ್ಷೆಯಾದವರು. ಮನೆಯಲ್ಲೇ ಜ್ವರ ಬಂದು ವಾಸಿಯಾದವರು ಲೆಕ್ಕಕ್ಕೆ ಸಿಗುವುದಿಲ್ಲ. 1997ರಲ್ಲಿ ಹಾಂಕಾಂಗ್‌ನ ರೋಗಿಗಳನ್ನು ನೋಡಿಕೊಂಡ 217 ಆಸ್ಪತ್ರೆ ಸಿಬ್ಬಂದಿಯ ರಕ್ತ ಪರೀಕ್ಷೆ ಮಾಡಿದಾಗ 8 ಜನರಲ್ಲಿ ಈ ವೈರಸ್ ತಗುಲಿದ ಗುರುತು ಸಿಕ್ಕಿತ್ತು. ವೈರಸ್ ತಗುಲಿದವರೆಲ್ಲ ಸಾಯುವುದಿಲ್ಲ. ಆದರೆ ದಮ್ಮು ಹತ್ತಿ ಆಸ್ಪತ್ರೆ ಸೇರಿದವರ ಸ್ಥಿತಿ ಮಾತ್ರ ಬಹಳ ಕಷ್ಟದ್ದು. ಈ ಎರಡನ್ನೂ ಒಟ್ಟಿಗೆ ತಿಳಿದುಕೊಂಡರೆ ಸುಮ್ಮನೆ ಹೆದರುವುದೂ ತಪ್ಪುತ್ತದೆ, ಉದಾಸೀನವೂ ತಪ್ಪುತ್ತದೆ.

ಕೋಳಿ ಸಾಯದೆ ಬಂದ ರೋಗ

2013ರ ಮಾರ್ಚ್ ಕೊನೆಯಲ್ಲಿ ಚೀನಾ ಹೊಸದೊಂದು ಹಕ್ಕಿಜ್ವರದ ಸುದ್ದಿ ಕೊಟ್ಟಿತು. ಹೆಸರು ಎಚ್7ಎನ್9. ಇದರಲ್ಲಿ ಕೋಳಿಗಳು ಸಾಯುತ್ತಿರಲಿಲ್ಲ, ಆರೋಗ್ಯವಾಗಿಯೇ ಕಾಣುತ್ತಿದ್ದವು. ಎಚ್ಚರಿಕೆ ಸಿಗುತ್ತಿದ್ದದ್ದು ಆಸ್ಪತ್ರೆಗೆ ಮನುಷ್ಯರು ಬಂದಾಗಲೇ. ಮೊದಲ 111 ರೋಗಿಗಳ ನಡು ವಯಸ್ಸು 61. ನಾಲ್ಕರಲ್ಲಿ ಮೂರು ಜನರನ್ನು ಐಸಿಯುಗೆ ಹಾಕಬೇಕಾಯಿತು. ಬಿಪಿ, ಶುಗರ್‌ನಂಥ ಕಾಯಿಲೆ ಮುಂಚೆಯೇ ಇದ್ದವರ ಶ್ವಾಸಕೋಶ ಹೆಚ್ಚು ಕೆಟ್ಟಿತು. ಒಟ್ಟು 1,568 ರೋಗಿಗಳು, 616 ಸಾವು.

ಶಾಂಘೈ ಮತ್ತು ಸುತ್ತಲಿನ ನಗರಗಳಲ್ಲಿ ಜೀವಂತ ಕೋಳಿ ಮಾರುಕಟ್ಟೆ ಮುಚ್ಚಿದ ಕೂಡಲೇ ಹೊಸ ರೋಗಿಗಳು ನೂರಕ್ಕೆ 97ಕ್ಕಿಂತ ಹೆಚ್ಚು ಇಳಿದರು. 2017ರಲ್ಲಿ ಚೀನಾ ಕೋಳಿಗಳಿಗೇ ಲಸಿಕೆ ಹಾಕಿದ ಮೇಲೆ ಈ ರೋಗ ಬಹುತೇಕ ಮಾಯವಾಯಿತು.

ನಮ್ಮ ದೇಶದಲ್ಲಿ

ಭಾರತದಲ್ಲಿ ಕೋಳಿಗಳಿಗೆ ಎಚ್5ಎನ್1 ಮೊದಲು ಕಂಡದ್ದು 2006ರ ಫೆಬ್ರವರಿಯಲ್ಲಿ, ಮಹಾರಾಷ್ಟ್ರದ ನವಾಪುರದಲ್ಲಿ. ನಮ್ಮ ರಾಜ್ಯದಲ್ಲಿ 2012ರ ಅಕ್ಟೋಬರ್‌ನಲ್ಲಿ ಬೆಂಗಳೂರು ಹತ್ತಿರದ ಹೆಸರಘಟ್ಟದ ಕೋಳಿ ಕೇಂದ್ರದಲ್ಲಿ ಟರ್ಕಿ ಕೋಳಿಗಳಿಗೆ ಬಂತು. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ ಮತ್ತು ಬಳ್ಳಾರಿ ಜಿಲ್ಲೆಗಳಲ್ಲಿ ಮತ್ತೆ ಕಂಡಿತು.

ದೇಶದಲ್ಲಿ ಮನುಷ್ಯರ ಮೊದಲ ಸಾವು 2021ರ ಜುಲೈನಲ್ಲಿ. ಹರಿಯಾಣದ ಹನ್ನೊಂದು ವರ್ಷದ ಹುಡುಗ ದೆಹಲಿಯ ಏಮ್ಸ್‌ನಲ್ಲಿ ತೀರಿಕೊಂಡ. ಅವನಿಗೆ ರಕ್ತದ ಕ್ಯಾನ್ಸರ್ ಕೂಡ ಇತ್ತು. 2025ರ ಮಾರ್ಚ್‌ನಲ್ಲಿ ಪಕ್ಕದ ಆಂಧ್ರದ ಎರಡು ವರ್ಷದ ಹೆಣ್ಣುಮಗು ಇದೇ ವೈರಸ್‌ನಿಂದ ಹೋಯಿತು.

ಹಾಗಾದರೆ ನಾವು ಮಾಡಬೇಕಾದ್ದು

ಚೆನ್ನಾಗಿ ಬೇಯಿಸಿದ ಕೋಳಿ, ಮೊಟ್ಟೆಯಿಂದ ತೊಂದರೆ ಇಲ್ಲ. ಅಪಾಯ ಇರುವುದು ಕಾಯಿಲೆ ಬಿದ್ದ ಕೋಳಿಯನ್ನು ಹಿಡಿಯುವಾಗ, ಕೊಯ್ಯುವಾಗ, ಪುಕ್ಕ ಕೀಳುವಾಗ, ಗೂಡು ಗುಡಿಸುವಾಗ. ಈ ಕೆಲಸವೆಲ್ಲ ನಮ್ಮಲ್ಲಿ ಮಾಡುವವರು ಹೆಂಗಸರು, ಮಕ್ಕಳು. ಕೋಳಿ ಸಾಯುವಂತಿದೆ ಎಂದು ಗೊತ್ತಾದಾಗ "ಹಾಳಾಗುವುದು ಬೇಡ" ಎಂದು ಅವಸರದಲ್ಲಿ ಕೊಯ್ಯುವ ರೂಢಿ ಎಲ್ಲ ಕಡೆ ಇದೆ. ದಯವಿಟ್ಟು ಅದನ್ನು ಬಿಡಿ.

ಒಂದರ ಹಿಂದೆ ಒಂದು ಕೋಳಿ ಸತ್ತರೆ ಬರಿಗೈಯಲ್ಲಿ ಮುಟ್ಟಬೇಡಿ. ಹಳ್ಳಕ್ಕೋ ಕೆರೆ ಬದಿಗೋ ಎಸೆಯಬೇಡಿ. ಪಶು ಆಸ್ಪತ್ರೆಗೆ ತಿಳಿಸಿ. ಹೇಳಿದರೆ ಇರುವ ಕೋಳಿಯನ್ನೂ ಕೊಲ್ಲುತ್ತಾರೆ ಎಂಬ ಭಯ ಸಹಜ. ಆದರೆ ಸರ್ಕಾರದ ಪರಿಹಾರ ಸಿಗುವುದು ಅಧಿಕಾರಿಗಳು ಕೊಂದ ಕೋಳಿಗೆ ಮಾತ್ರ, ತಾನಾಗಿಯೇ ಸತ್ತದ್ದಕ್ಕಲ್ಲ. ಮುಚ್ಚಿಟ್ಟಷ್ಟೂ ನಷ್ಟ ನಮಗೇ.

ಅಂಥ ಕೋಳಿಗಳ ಹತ್ತಿರ ಇದ್ದವರಿಗೆ ಹತ್ತು ದಿನದೊಳಗೆ ಜ್ವರ ಬಂದರೆ, ಅದು ಸಣ್ಣ ಜ್ವರವೇ ಆಗಿರಲಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಡಾಕ್ಟರು ಕೇಳದಿದ್ದರೂ ನೀವೇ ಹೇಳಿ: "ಸಾರ್, ನಮ್ಮ ಮನೆ ಕೋಳಿಗಳು ಇಂಥ ದಿನ ಸತ್ತವು, ನಾನೇ ಎತ್ತಿ ಹಾಕಿದೆ." ಜ್ವರದ ಎರಡನೇ ದಿನ ಯಾವ ಡಾಕ್ಟರಿಗೂ ಮುಖ ನೋಡಿ ಹಕ್ಕಿಜ್ವರ ಎಂದು ಹೇಳಲು ಆಗುವುದಿಲ್ಲ. ನೀವು ಈ ಮಾತು ಹೇಳಿದರೆ ಗಂಟಲಿನ ಮಾದರಿ ತೆಗೆಯುವುದೂ ಮಾತ್ರೆ ಕೊಡುವುದೂ ಅವತ್ತೇ ಶುರುವಾಗಬಹುದು.