ರಾಜನ ಸಾಲ ಮತ್ತು ಎಲೆಕೋಸಿನ ಪುಡ್ಡಿಂಗ್

ಸ್ವೀಡನ್ನಿನಲ್ಲಿ ಚಳಿ ಹತ್ತಿರವಾದಂತೆ ಮನೆಗಳಲ್ಲೂ ಕ್ಯಾಂಟೀನುಗಳಲ್ಲೂ ಕಾಣಿಸಿಕೊಳ್ಳುವ ಒಂದು ಊಟವಿದೆ: ಕೋಲ್‌ಪುಡ್ಡಿಂಗ್. 'ಕೋಲ್' ಎಂದರೆ ಎಲೆಕೋಸು. ಪುಡ್ಡಿಂಗ್ ಎಂಬ ಹೆಸರು ಕೇಳಿ ಸಿಹಿತಿಂಡಿ ಎಂದುಕೊಳ್ಳಬೇಕಿಲ್ಲ. ಕೋಸನ್ನೂ ಖೀಮಾವನ್ನೂ ಪದರ ಪದರವಾಗಿ ಹರಡಿ ಓವನ್‌ನಲ್ಲಿ ಬೇಯಿಸುವ ಅಡುಗೆ ಇದು. ನೋಡಲು ಇಟಲಿಯ ಲಸಾನ್ಯದ ಹಾಗಿದ್ದರೂ ಇದರಲ್ಲಿ ಪಾಸ್ತಾದ ಹಾಳೆ ಇಲ್ಲ. ಆ ಕೆಲಸವನ್ನು ಎಲೆಯೇ ಮಾಡುತ್ತದೆ.

ಮಾಡುವ ಕ್ರಮ ಸರಳ. ಸುಮಾರು ಒಂದು ಕಿಲೋ ಎಲೆಕೋಸನ್ನು ದಪ್ಪದಪ್ಪವಾಗಿ ಹೆಚ್ಚಿ, ಬೆಣ್ಣೆಯಲ್ಲಿ ಕಂದುಬಣ್ಣ ಬರುವವರೆಗೆ ಹುರಿಯಬೇಕು. ಎರಡು ಚಮಚ ಸಕ್ಕರೆಪಾಕ ಸುರಿದು ಇನ್ನಷ್ಟು ಬಾಡಿಸಬೇಕು. ರುಚಿಯ ಗುಟ್ಟು ಇಲ್ಲಿದೆ. ಅವಸರ ಮಾಡಿದರೆ ಕೋಸು ನೀರು ಬಿಟ್ಟು ಸಪ್ಪೆಯಾಗುತ್ತದೆ. ಅರ್ಧ ಕಿಲೋ ಖೀಮಾಕ್ಕೆ ಹಾಲಿನಲ್ಲಿ ನೆನೆದ ಬ್ರೆಡ್ ಪುಡಿ, ಒಂದು ಮೊಟ್ಟೆ, ಈರುಳ್ಳಿ, ಉಪ್ಪು, ಬಿಳಿ ಮೆಣಸು ಬೆರೆಸಬೇಕು. ಬೆಣ್ಣೆ ಸವರಿದ ಪಾತ್ರೆಯಲ್ಲಿ ಅರ್ಧ ಕೋಸು, ಮೇಲೆ ಖೀಮಾ, ಅದರ ಮೇಲೆ ಉಳಿದ ಕೋಸು ಹರಡಿ, 200 ಡಿಗ್ರಿಯಲ್ಲಿ ಮುಕ್ಕಾಲು ಗಂಟೆ ಬೇಯಿಸಿದರೆ ಮುಗಿಯಿತು. ಜೊತೆಗೆ ಬೇಯಿಸಿದ ಆಲೂಗಡ್ಡೆ, ಹುಳಿಸಿಹಿಯ ಲಿಂಗನ್ ಹಣ್ಣಿನ ಜ್ಯಾಮ್.

ಇದಕ್ಕೊಂದು ಹಿರಿಯ ನೆಂಟನಿದ್ದಾನೆ. ಹೆಸರು ಕೋಲ್‌ಡೋಲ್ಮೆ. ಅದೇ ಕೋಸು, ಹೆಚ್ಚುಕಡಿಮೆ ಅದೇ ಖೀಮಾ, ಒಂದಿಷ್ಟು ಅನ್ನ. ಆದರೆ ಬೇಯಿಸಿದ ಇಡೀ ಎಲೆಯಲ್ಲಿ ಹೂರಣ ಇಟ್ಟು ಒಂದೊಂದಾಗಿ ಸುತ್ತಬೇಕು. ಸುತ್ತಲು ಪುರುಸೊತ್ತಿಲ್ಲದ ದಿನ ಇಲ್ಲಿನವರು ಪುಡ್ಡಿಂಗಿನ ಮೊರೆ ಹೋಗುತ್ತಾರೆ. ನಮ್ಮ ಕರಾವಳಿಯಲ್ಲಿ ಪತ್ರೊಡೆ ಸುತ್ತಲು ಬೇಸರವಾದಾಗ ಕೆಸುವಿನ ಎಲೆಯನ್ನು ಸಣ್ಣಗೆ ಹೆಚ್ಚಿ ಹಿಟ್ಟಿಗೆ ಕಲಸಿ ಬೇಯಿಸುವಂತೆಯೇ ಇದು.

'ಡೋಲ್ಮೆ' ಸ್ವೀಡಿಷ್ ಪದವಲ್ಲ. ತುರ್ಕಿ ಭಾಷೆಯಲ್ಲಿ 'ದೋಲ್ಮಾ' ಎಂದರೆ ತುಂಬಿದ್ದು. ಆ ಪದ ಇಷ್ಟು ಉತ್ತರಕ್ಕೆ ಬಂದ ಕಥೆ ಒಂದು ಸೋಲಿನಿಂದ, ಅದಕ್ಕಿಂತ ಮುಖ್ಯವಾಗಿ ಒಂದು ಸಾಲದಿಂದ ಶುರುವಾಗುತ್ತದೆ.

1709ರಲ್ಲಿ ಪೋಲ್ತಾವಾ ಯುದ್ಧದಲ್ಲಿ ರಷ್ಯಾದ ಪೀಟರ್‌ನಿಂದ ಸೋತ ಸ್ವೀಡನ್ನಿನ ರಾಜ ಹನ್ನೆರಡನೆಯ ಕಾರ್ಲ್ ದಕ್ಷಿಣಕ್ಕೆ ಓಡಿ ಆಟೊಮನ್ ಸುಲ್ತಾನನ ಆಶ್ರಯ ಪಡೆದ. ಇಂದಿನ ಮಾಲ್ಡೋವಾದಲ್ಲಿರುವ ಬೆಂದೆರ್ ಬಳಿ ಬೀಡುಬಿಟ್ಟ. ಕೆಲವು ವಾರಗಳಿಗೆಂದು ಬಂದ ಅತಿಥಿ ವರ್ಷಗಟ್ಟಲೆ ಉಳಿದ. ಅಲ್ಲಿಂದಲೇ ರಾಜ್ಯಭಾರ, ಅಲ್ಲಿಂದಲೇ ಯುದ್ಧದ ಸಂಚು, ಎಲ್ಲಕ್ಕೂ ಸಾಲ. ಸುಲ್ತಾನನ ಖಜಾನೆಯೂ ಕೊಟ್ಟಿತು, ಖಾಸಗಿ ಲೇವಾದೇವಿಗಾರರೂ ಕೊಟ್ಟರು. ಕಡೆಗೆ ಬೇಸತ್ತ ಆತಿಥೇಯರು 1713ರಲ್ಲಿ ಅವನ ಬಿಡಾರಕ್ಕೆ ಮುತ್ತಿಗೆ ಹಾಕಿ ಸೆರೆಹಿಡಿದರು. ಆ ಗದ್ದಲದ ನೆನಪಾಗಿ ತುರ್ಕಿಯ 'ಕಲಾಬಲಿಕ್' ಎಂಬ ಪದ ಇಂದಿಗೂ ಸ್ವೀಡಿಷ್‌ನಲ್ಲಿ ಗಲಿಬಿಲಿ ಎಂಬರ್ಥದಲ್ಲಿ ಬಳಕೆಯಲ್ಲಿದೆ.

1714ರಲ್ಲಿ ರಾಜ ಮರಳಿ ಹೊರಟ. ಸಾಲ ಕೊಟ್ಟವರು ಸುಮ್ಮನಿರುತ್ತಾರೆಯೇ? ಅವನ ಹಿಂದೆಯೇ ಸ್ವೀಡನ್ನಿಗೆ ಬಂದರು. ಅವರಲ್ಲಿ ಮುಸ್ಲಿಮರಿದ್ದರು, ಯಹೂದಿಗಳಿದ್ದರು. ಲೂಥರನ್ ಪಂಥವೊಂದನ್ನೇ ಒಪ್ಪುತ್ತಿದ್ದ ದೇಶದಲ್ಲಿ ಅವರಿಗೆ ತಮ್ಮ ಪ್ರಾರ್ಥನೆ ಮಾಡಿಕೊಳ್ಳಲು ವಿಶೇಷ ಅನುಮತಿ ಸಿಕ್ಕಿತು. ಬಾಕಿದಾರನ ಮನೆ ಬಾಗಿಲಲ್ಲಿ ಕೂತವರಿಗೆ ಎಷ್ಟು ಬಲವಿರುತ್ತದೆ ಎಂಬುದು ನಮ್ಮ ವೃತ್ತಿಯವರಿಗೆ ಗೊತ್ತಿರುವ ಮಾತೇ. 1718ರ ನವೆಂಬರ್ 30ರಂದು ನಾರ್ವೆಯ ಕೋಟೆಯೊಂದರ ಮುಂದೆ ರಾಜ ಗುಂಡೇಟಿಗೆ ಸತ್ತ. ಸಾಲ ಮಾತ್ರ ಸಾಯಲಿಲ್ಲ. ಅದನ್ನು ಕೇಳಲು ಸುಲ್ತಾನನ ರಾಯಭಾರಿಗಳು 1730ರ ದಶಕದಲ್ಲೂ ಸ್ಟಾಕ್‌ಹೋಮಿಗೆ ಬಂದರು. ಇಸ್ತಾಂಬುಲ್‌ನಲ್ಲಿ ಮುದ್ರಣಾಲಯ ತೆರೆಯುವುದರಲ್ಲಿ ಪಾಲುದಾರನಾಗಿದ್ದ ಮೆಹ್ಮೆದ್ ಸಯೀದ್ ಎಫೆಂದಿ ಅವರಲ್ಲೊಬ್ಬ. ನಗದಿಲ್ಲದ ಸ್ವೀಡನ್ ಕೊನೆಗೆ ಯುದ್ಧನೌಕೆ, ಬಂದೂಕುಗಳ ರೂಪದಲ್ಲಿ ಲೆಕ್ಕ ಚುಕ್ತಾ ಮಾಡಿತು.

ಅಡುಗೆಯ ದಾಖಲೆ ಸಿಗುವುದು ಇದಾದ ಮೇಲೆ. ಕಾಯ್ಸಾ ವಾರ್ಗ್ ಎಂಬಾಕೆ ಪ್ರಕಟಿಸಿದ ಪ್ರಸಿದ್ಧ ಅಡುಗೆ ಪುಸ್ತಕದಲ್ಲಿ ದೋಲ್ಮಾ ಇದೆ. ಆಕೆ ಹೇಳುವುದು ದ್ರಾಕ್ಷಿ ಎಲೆಯಲ್ಲಿ ಸುತ್ತಲು. ಅದು ಸಿಗದಿದ್ದರೆ ಎಲೆಕೋಸು ಆದೀತು ಎನ್ನುತ್ತಾಳೆ. ಇಷ್ಟು ಉತ್ತರದಲ್ಲಿ ದ್ರಾಕ್ಷಿ ಎಲ್ಲಿಂದ ಬರಬೇಕು? 'ಆದೀತು' ಎಂದದ್ದೇ ರೂಢಿಯಾಯಿತು. ಪರದೇಶದಲ್ಲಿ ಅಡುಗೆ ಮಾಡಿದ ಯಾವ ಕನ್ನಡಿಗರಿಗೂ ಈ ಮಾತಿನ ಅರ್ಥ ಬಿಡಿಸಿ ಹೇಳಬೇಕಿಲ್ಲ.

ರಾಜನೇ ಈ ಅಡುಗೆಯನ್ನು ಹೊತ್ತು ತಂದ ಎಂದು ಜನ ಹೇಳುತ್ತಾರೆ. ಲೆಕ್ಕ ತಪಾಸಣೆ ಮಾಡುವವನಾಗಿ ನಾನು ಅದಕ್ಕೆ ಸಹಿ ಹಾಕಲಾರೆ. ಸಾಲಕ್ಕೆ ದಾಖಲೆಯಿದೆ, ಸಾಲ ಕೊಟ್ಟವರು ಬಂದುದಕ್ಕೆ ದಾಖಲೆಯಿದೆ, ಪುಸ್ತಕದಲ್ಲಿ ಪಾಕವಿಧಾನವಿದೆ. ಇವುಗಳ ನಡುವಿನ ವೋಚರ್ ಇಲ್ಲ. ರಾಜನ ಊಟದ ಮೇಜಿಗಿಂತ, ವರ್ಷಾನುಗಟ್ಟಲೆ ಬಾಕಿಗಾಗಿ ಕಾದು ಕೂತ ಪರದೇಶಿಗಳ ಒಲೆಯಿಂದಲೋ, ಇಸ್ತಾಂಬುಲ್‌ಗೆ ಹೋಗಿ ಬಂದ ಸ್ವೀಡಿಷ್ ಅಧಿಕಾರಿಗಳ ಮನೆಯಿಂದಲೋ ಅದು ಹರಡಿರುವ ಸಾಧ್ಯತೆ ನನಗೆ ಹೆಚ್ಚು ಎನಿಸುತ್ತದೆ. ಅಡುಗೆ ಸಾಮಾನ್ಯವಾಗಿ ಹಾಗೆಯೇ ಹರಡುತ್ತದೆ.

ಇದು ಬರೀ ಊಟದ ಹರಟೆಯಲ್ಲ. 1980–90ರ ದಶಕಗಳಲ್ಲಿ ವಲಸಿಗರನ್ನು ದ್ವೇಷಿಸುವ ಗುಂಪುಗಳು ಕಾರ್ಲ್ ಸತ್ತ ನವೆಂಬರ್ 30ನ್ನು ತಮ್ಮ ಮೆರವಣಿಗೆಯ ದಿನ ಮಾಡಿಕೊಂಡಿದ್ದವು. 'ಅಪ್ಪಟ ಸ್ವೀಡನ್ನಿನ' ವೀರ ಎಂದು ಅವರು ಹೊಗಳಿದ್ದು, ಪರದೇಶದಲ್ಲಿ ಪರರ ಹಣದಿಂದ ಐದು ವರ್ಷ ಬದುಕಿದ ರಾಜನನ್ನು. ಇದಕ್ಕೆ ಉತ್ತರವಾಗಿ 2010ರಿಂದ ಕೆಲವರು ಅದೇ ದಿನವನ್ನು ಕೋಲ್‌ಡೋಲ್ಮೆಯ ದಿನವಾಗಿ ಆಚರಿಸುತ್ತಿದ್ದಾರೆ. ಘೋಷಣೆಗೆ ಘೋಷಣೆಯಲ್ಲ, ಬರೀ ಒಂದು ತಟ್ಟೆ ಊಟ.

ಆ ತಟ್ಟೆಯನ್ನೊಮ್ಮೆ ಲೆಕ್ಕ ಹಾಕಿ ನೋಡಿ. ಹೂರಣ ತುಂಬುವ ವಿದ್ಯೆ ತುರ್ಕಿಯದು. ಆಲೂಗಡ್ಡೆಯ ತವರು ದಕ್ಷಿಣ ಅಮೆರಿಕ. ಬಿಳಿ ಮೆಣಸು, ನಮ್ಮ ಪಶ್ಚಿಮಘಟ್ಟದ ಕಪ್ಪು ಮೆಣಸಿನ ಬಳ್ಳಿಯದೇ ಕಾಳು, ಸಿಪ್ಪೆ ತೆಗೆದದ್ದು ಅಷ್ಟೆ. ಇಲ್ಲಿನ ಕಾಡಿನಲ್ಲಿ ತಾನಾಗಿ ಬೆಳೆದದ್ದು ಲಿಂಗನ್ ಹಣ್ಣು ಮಾತ್ರ. ಆದರೂ ಇದು ಸ್ವೀಡನ್ನಿನದೇ ಊಟ. ಅದರಲ್ಲಿ ನನಗೆ ಅನುಮಾನವಿಲ್ಲ. ಮುನ್ನೂರು ವರ್ಷ ಒಂದು ನೆಲದ ಜನ ಮಾಡಿ ಉಂಡ ಮೇಲೆ ಅದು ಅವರದೇ. ಎಲ್ಲಿಂದ ಬಂತು ಎಂಬ ನಮೂದನ್ನು ಅಳಿಸದೆಯೂ ಹಾಗೆ ಹೇಳಬಹುದು.