ಹಾಳಾಗದೆ ಉಳಿದ ಕಮಲಾಪುರದ ಕೆರೆ

ತೆಕ್ಕಲಕೋಟೆ, ಕುರುಗೋಡು ಕಡೆಯಿಂದ ಕಂಪ್ಲಿ ಮಾರ್ಗವಾಗಿ ಹಂಪೆ ನೋಡಲು ಹೊರಟವರು ಕಮಲಾಪುರ ತಲುಪಿದೊಡನೆ ಕಲ್ಲಿನ ರಥದತ್ತ ಅವಸರಿಸುತ್ತಾರೆ. ಜನಜಂಗುಳಿ ಬೇಡವೆನ್ನುವವರು ಸಂಜೆ ಹೊತ್ತು ಈ ಊರಿನ ಕೆರೆ ಏರಿಯ ಮೇಲೆ ನಡೆದು ನೋಡಬೇಕು. ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಗದ್ದೆ, ಬಾಳೆ ತೋಟ.

ಇದು ವಿಜಯನಗರ ಕಾಲದ ಕೆರೆ. ತುಂಗಭದ್ರೆಯಿಂದ ಹೊರಟ ರಾಯ ಕಾಲುವೆ ಇದಕ್ಕೆ ನೀರುಣಿಸುತ್ತದೆ. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಅಷ್ಟು ದೊಡ್ಡ ರಾಜಧಾನಿ ನಿಂತದ್ದು ಇಂಥ ಕೆರೆ ಕಾಲುವೆಗಳ ಬಲದಿಂದ.

ಆದರೆ ಏರಿ ಕಟ್ಟುವುದು ಸುಲಭದ ಕೆಲಸವಾಗಿರಲಿಲ್ಲ. 1520ರ ಸುಮಾರಿಗೆ, ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್, ರಾಜಧಾನಿಯ ಬಳಿ ಮತ್ತೊಂದು ಕೆರೆ ಕಟ್ಟುತ್ತಿದ್ದುದನ್ನು ಕಂಡಿದ್ದ. ಅಲ್ಲಿ 15-20 ಸಾವಿರ ಜನ ದುಡಿಯುತ್ತಿದ್ದರು. ಏರಿ ಎರಡು ಮೂರು ಸಲ ಒಡೆದಾಗ, ಮರಣದಂಡನೆಗೆ ಗುರಿಯಾಗಿದ್ದ ಸೆರೆಯಾಳುಗಳನ್ನು ಬಲಿ ಕೊಡಲಾಯಿತೆಂದು ಅವನು ಬರೆದಿಟ್ಟಿದ್ದಾನೆ.

1565ರ ಯುದ್ಧದ ನಂತರ ಅರಮನೆಗಳು ಹಾಳಾದವು, ಅರಸರು ಊರು ಬಿಟ್ಟರು. ಕೆರೆಯನ್ನು ಮಾತ್ರ ರೈತರು ಬಿಡಲಿಲ್ಲ. ಹಂಪೆಯಲ್ಲಿ ನಾವು ಟಿಕೆಟು ಕೊಂಡು ನೋಡುವುದು ಕೆಲಸ ನಿಲ್ಲಿಸಿದ ಕಟ್ಟಡಗಳನ್ನು. ಈ ಕೆರೆ ಇನ್ನೂ ಕೆಲಸದಲ್ಲಿದೆ. ಹೂಳು, ತೂಬುಗಳ ಕಡೆ ಗಮನ ತಪ್ಪಿದರೆ ಇದೂ ಬರಿಯ ಸ್ಮಾರಕವಾದೀತು.